ಒಣಗದ ಪಾದ

ನಮ್ಮ ಊರಿನಲ್ಲಿ ಮಣ್ಣಿನ ಕೆಲಸದವರೆಲ್ಲ ಸಂಜೆ ಕೈಕಾಲು ತೊಳೆಯುವ ಮೊದಲು ಗೋಲಿ ಗಾತ್ರದ ಒಂದು ಉಂಡೆ ಮಾಡಿ ಬೀದಿ ಕಡೆಯ ಕಿಟಕಿಯಲ್ಲಿ ಇಡುತ್ತಾರೆ. ಬೆಳಿಗ್ಗೆ ಮೇಸ್ತ್ರಿ ಬಂದು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾನೆ. ಉಂಡೆ ಒಣಗಿದ್ದರೆ ಆ ದಿನ ಕೆಲಸ ಉಂಟು. ಹಸಿಯಾಗಿದ್ದರೆ ಆ ಮನುಷ್ಯನಿಗೆ ಏನೋ ಸಂಕಟವಿದೆ ಎಂದು ಅರ್ಥ. ಅವನು ಕಟ್ಟಿದ ಗೋಡೆ, ತಟ್ಟಿದ ಹೆಂಚು, ಬಳಿದ ಗಿಲಾವು ಯಾವುದೂ ಒಣಗುವುದಿಲ್ಲ. ಹಾಗಾಗಿ ಮೇಸ್ತ್ರಿ ಏನೂ ಕೇಳದೆ ಮುಂದಿನ ಮನೆಗೆ ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವರು ಬಂದು ಆ ಹಸಿ ಉಂಡೆಯ ಮೇಲೆ ಒಂದು ತುಂಡು ಬಟ್ಟೆ ಮುಚ್ಚಿ ಹೋಗುತ್ತಾರೆ. ನಮ್ಮಲ್ಲಿ ಸಮಾಧಾನ ಹೇಳುವುದು ಎಂದರೆ ಅಷ್ಟೇ. ಬಾಯಿಬಿಟ್ಟು ಕೇಳುವುದು ಮರ್ಯಾದೆಯಲ್ಲ.

ಹೆಣ್ಣು ನೋಡಲು ಬಂದವರು ನಮ್ಮಲ್ಲಿ ಹುಡುಗಿಯಿಂದ ಹಾಡು ಹೇಳಿಸುವುದಿಲ್ಲ, ಹಣತೆ ಮಾಡಿಸುತ್ತಾರೆ. ನನ್ನ ಚಿಕ್ಕಮ್ಮನ ಮಗಳು ಮಾಡಿದ ಹಣತೆ ವಾರವಾದರೂ ಒಣಗಲಿಲ್ಲ. ಸಂಬಂಧ ಮುರಿಯಿತು. ಅವಳು ಯಾರನ್ನು ನೆನೆಸಿಕೊಂಡು ಆ ಹಣತೆ ಮಾಡಿದ್ದಳೋ ಕೊನೆಗೆ ಅವನಿಗೇ ಕೊಟ್ಟು ಮದುವೆ ಮಾಡಿದರು. ಈಗ ಗಂಡ ಹೆಂಡತಿ ದಿನ ಬೆಳಗಾದರೆ ಬೀದಿಗೆ ಕೇಳುವ ಹಾಗೆ ಜಗಳವಾಡುತ್ತಾರೆ, ಅವರ ಕಿಟಕಿಯ ಉಂಡೆ ಮಾತ್ರ ಕಲ್ಲಿನಷ್ಟು ಗಟ್ಟಿ.

ಎಲ್ಲರೂ ಮಣ್ಣು ಮುಟ್ಟುವುದಿಲ್ಲವಲ್ಲ. ದರ್ಜಿಗಳು, ಗುಮಾಸ್ತರು, ಬಸ್ಸಿನವರು ಇವರ ಕಿಟಕಿಯಲ್ಲಿ ಏನೂ ಇರುವುದಿಲ್ಲ. ಅವರ ಸುಖದುಃಖ ಅವರ ಮುಖ ನೋಡಿಯೇ ತಿಳಿಯಬೇಕು. ಮುಖ ನೋಡಿ ತಿಳಿಯುವ ಅಭ್ಯಾಸ ನಮ್ಮ ಊರಿನವರಿಗೆ ಎಂದೋ ತಪ್ಪಿಹೋಗಿದೆ.

ನನ್ನ ಹೆಸರು ದಾಕ್ಷಾಯಿಣಿ. ನಾನು ಒಲೆ ಹಾಕುವವಳು. ಗ್ಯಾಸು ಬಂದ ಮೇಲೂ ನಮ್ಮೂರಿನಲ್ಲಿ ಹಿತ್ತಿಲಲ್ಲೊಂದು ಮಣ್ಣಿನ ಒಲೆ ಇಲ್ಲದಿದ್ದರೆ ಅದು ಮನೆಯೇ ಅಲ್ಲ. ಜೇಡಿಮಣ್ಣಿಗೆ ಭತ್ತದ ಹೊಟ್ಟು, ಸ್ವಲ್ಪ ಸಗಣಿ ಸೇರಿಸಿ ಕಾಲಿನಲ್ಲಿ ತುಳಿದು ಹದ ಮಾಡಿ ನಾನು ಹಾಕಿದ ಒಲೆ ಹೊಗೆ ಕಕ್ಕುವುದಿಲ್ಲ ಎಂದು ಊರಿಗೆಲ್ಲ ಹೆಸರು. ಇದು ಜಂಬವಲ್ಲ, ಬೇಕಾದರೆ ಯಾರನ್ನಾದರೂ ಕೇಳಿ. ನಮ್ಮನೆಯವರು ಶಿವನಂಜಪ್ಪ, ಊರು ಸುತ್ತುವ ಬಸ್ಸಿನಲ್ಲಿ ಕಂಡಕ್ಟರು. ಮದುವೆಯಾದ ಹೊಸತರಲ್ಲಿ ನಾನು ಮಣ್ಣಿನ ಕೈಯಲ್ಲಿ ಅವರ ಖಾಕಿ ಅಂಗಿ ಮುಟ್ಟಿದರೆ ಹಾರಿಬೀಳುತ್ತಿದ್ದರು. ಮಣ್ಣೆಂದರೆ ಅಷ್ಟು ದೂರ.

ಕಳೆದ ಚಳಿಗಾಲದಲ್ಲಿ ನನಗೆ ಹೆರಿಗೆಯಾಯಿತು. ಹೆಣ್ಣು ಮಗು. ಅಳಲಿಲ್ಲ. ಡಾಕ್ಟರು ಬಂದರು, ಹೋದರು, ಮತ್ತೆ ಬಂದರು. ನರ್ಸಮ್ಮ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದಳು. ತಾಯಿ ನೋಡಬಾರದು, ನೋಡಿದರೆ ಮನಸ್ಸಿನಲ್ಲಿ ಕೂತುಬಿಡುತ್ತದೆ ಎಂದು ಹಿರಿಯರು ನನ್ನ ಮುಖ ಗೋಡೆಯ ಕಡೆಗೆ ತಿರುಗಿಸಿದರು. ನರ್ಸಮ್ಮ ಮಗುವಿನೊಂದಿಗೆ ಬಾಗಿಲು ದಾಟುವಾಗ ನಾನು ತಿರುಗಿ ನೋಡಿದೆ. ಸುತ್ತಿದ ಬಟ್ಟೆಯ ತುದಿಯಿಂದ ಒಂದು ಪಾದ ಹೊರಗೆ ಬಂದಿತ್ತು. ನನ್ನ ಮಗಳದ್ದು ಎಂದು ನಾನು ಕಂಡದ್ದು ಅದೊಂದೇ. ನಮ್ಮನೆಯವರು, ಅವರ ಸೋದರಮಾವ ಇಬ್ಬರೇ ಹೋಗಿ ಮಣ್ಣು ಮಾಡಿ ಬಂದರು. ಬಂದವರು ಸ್ನಾನ ಮಾಡಿದರು, ಊಟಕ್ಕೆ ಕೂತರು. ಆ ವಿಷಯ ಅಲ್ಲಿಗೆ ಮುಗಿಯಿತು ಎನ್ನುವ ಹಾಗೆ ಮನೆಯಲ್ಲಿ ಯಾರೂ ಮಾತೇ ಎತ್ತಲಿಲ್ಲ.

ಆ ವಾರ ಕಳೆಯುವ ಮೊದಲೇ ಅವರು ಬಸ್ಸಿಗೆ ಹೋದರು. ನಮ್ಮ ಮನೆ ತಿರುವಿನಲ್ಲೇ ಇರುವುದರಿಂದ ಬಸ್ಸು ಬರುವುದು ಹೋಗುವುದು ಎಲ್ಲ ಕೇಳಿಸುತ್ತದೆ. "ಹಿಂದ್‌ಹಿಂದೆ ಹೋಗ್ರಪ್ಪಾ, ಹಿಂದ್ಗಡೆ ಏನು ಹುಲಿ ಇಲ್ಲ!" ಎಂದು ಅವರು ಕೂಗುವುದು, ಜನ ನಗುವುದು. ಬಾಣಂತಿ ಕೋಣೆಯಲ್ಲಿ ಮಗುವಿಲ್ಲದೆ ಮಲಗಿದ್ದ ನನಗೆ ಆ ನಗು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಈ ಮನುಷ್ಯನಿಗೆ ಹೊಟ್ಟೆಯೊಳಗೆ ಏನೂ ಆಗುವುದಿಲ್ಲವೇ ಎಂದುಕೊಳ್ಳುತ್ತಿದ್ದೆ.

ಮೈ ಗಟ್ಟಿಯಾದ ಮೇಲೆ ಮೊದಲು ಸಿಕ್ಕಿದ ಕೆಲಸ ಒಂದು ಹೊಸ ಸಂಸಾರದ ಒಲೆ. ನನ್ನ ಉಂಡೆ ಒಣಗುವವರೆಗೆ ಕಾಯದೆ ಹಾಕಿಕೊಟ್ಟೆ. ಅವರೂ ಆತುರಗಾರರು, ಮೇಲೆ ಒಣಗಿದ ಹಾಗೆ ಕಂಡಿತೆಂದು ಅನ್ನಕ್ಕೆ ಇಟ್ಟರು. ಅಕ್ಕಿ ಬೇಯುವ ಮೊದಲೇ ಒಲೆ ಪಾತ್ರೆಯ ಸಮೇತ ಕುಸಿದು ಕೂತಿತು. ಆ ಮನೆಯ ಹೆಂಗಸು ಬಂದು ಬೈದಿದ್ದರೆ ಚೆನ್ನಾಗಿತ್ತು. ಅವಳು ಬಂದು, ನಮ್ಮ ಕಿಟಕಿಯಲ್ಲಿದ್ದ ನನ್ನ ಉಂಡೆಯ ಮೇಲೆ ಒಂದು ಕರವಸ್ತ್ರ ಮುಚ್ಚಿ ಹೋದಳು. ಅದರ ಮೇಲೆ ಎದುರುಮನೆಯ ಪುಟ್ಟಮಾದಮ್ಮ ಇನ್ನೊಂದು ಬಟ್ಟೆ ಮುಚ್ಚಿದಳು. ಆ ತಿಂಗಳು ನಮ್ಮ ಕಿಟಕಿ ಬಟ್ಟೆಯಂಗಡಿಯಂತಾಯಿತು. ನನ್ನ ಕೈ ಹೋಯಿತು ಎಂದು ಅವತ್ತು ಗೊತ್ತಾಯಿತು. ಒಲೆ ಹಾಕಲಾಗದ ದಾಕ್ಷಾಯಿಣಿ ಎಂದರೆ ಯಾರು? ನನಗೇ ಗೊತ್ತಿರಲಿಲ್ಲ.

ಅಂಥವರಿಗೆಂದು ಕೆರೆ ಏರಿಯ ಕೆಳಗೆ ಹಸಿಕೊಟ್ಟಿಗೆ ಇದೆ. ಮೊದಲು ದನ ಕಟ್ಟುತ್ತಿದ್ದ ಜಾಗ. ಈಗ ಅಲ್ಲಿ ಉದ್ದಕ್ಕೆ ಹಲಗೆ ಹಾಕಿ, ಮೂಲೆಯಲ್ಲಿ ಕಲಸಿದ ಜೇಡಿಮಣ್ಣಿನ ಗುಡ್ಡೆ ಇಟ್ಟಿರುತ್ತಾರೆ. ಸಂಕಟವಿರುವವರು ಹೋಗಿ ಕೂತು ಏನು ಬೇಕೋ ಅದನ್ನು ಮಾಡಬಹುದು. ನೋಡಿಕೊಳ್ಳುವವರು ಚನ್ನಾಜಮ್ಮ. ವಯಸ್ಸಾದ ಹೆಂಗಸು, ಎಲೆಯಡಿಕೆ ಬಾಯಿ, ನಾಲಿಗೆ ಚುರುಕು. ಅಲ್ಲಿಯ ಕಟ್ಟುಪಾಡು ಎರಡೇ. ಮಾಡಿದ್ದು ಏನೆಂದು ಕೇಳಬಾರದು, ಚೆನ್ನಾಗಿದೆ ಎಂದು ಹೇಳಬಾರದು. ನಾನು ಹೋದ ದಿನ ಬಾಗಿಲಿಗೆ ಬಂದ ಪುಟ್ಟಮಾದಮ್ಮ, "ಒಂದು ಮಗೂನ್ನೇ ಮಾಡು ದಾಕ್ಷಾಯಿಣಿ, ಕಳ್ಕೊಂಡಿದ್ದನ್ನೇ ಮಾಡಿದ್ರೆ ಬೇಗ ಒಣಗುತ್ತಂತೆ" ಎಂದಳು. ಚನ್ನಾಜಮ್ಮ ಎಲೆಯಡಿಕೆ ಉಗಿದು, "ನೀನು ಹೋಗಿ ನಿಮ್ಮನೆ ಹಿಟ್ಟು ತಿರುವಮ್ಮ" ಎಂದು ಅವಳನ್ನು ಅಟ್ಟಿದರು.

ಆದರೂ ಅವಳ ಮಾತು ತಲೆಯಲ್ಲಿ ಉಳಿದಿತ್ತು. ಮಗು ಮಾಡಲು ಹೋದೆ. ಹೊಟ್ಟೆ ಬಂತು, ಕೈಕಾಲು ಬಂತು. ಮುಖದ ಜಾಗಕ್ಕೆ ಬಂದಾಗ ಬೆರಳು ನಿಂತಿತು. ಯಾವ ಮುಖ ಮಾಡಲಿ? ನಾನು ನೋಡಿದ್ದರೆ ತಾನೆ. ಅಲ್ಲೇ ಅದನ್ನು ಮುದ್ದೆ ಮಾಡಿ ಗುಡ್ಡೆಗೆ ಎಸೆದೆ. ಚನ್ನಾಜಮ್ಮ ನೋಡಿದರು. "ಕೈ ತೊಳ್ಕೊ, ನಾಳೆ ಬಾ" ಎಂದರು.

ಆಮೇಲೆ ನನ್ನ ಕೈ ಅದಕ್ಕೆ ಗೊತ್ತಿದ್ದುದನ್ನೇ ಮಾಡತೊಡಗಿತು. ಬೆರಳುದ್ದದ ಒಲೆಗಳು. ದಿನಾ ಬೆಳಿಗ್ಗೆ ಹೋಗುವುದು, ಬಿಸಿಲು ಇಳಿಯುವವರೆಗೆ ಪುಟ್ಟ ಪುಟ್ಟ ಒಲೆ ಮಾಡಿ ಸಾಲಾಗಿ ಇಡುವುದು. ಅವೆಲ್ಲ ಹಸಿಯಾಗಿಯೇ ಇರುತ್ತಿದ್ದವು. ನನ್ನ ಪಕ್ಕ ಕೂರುತ್ತಿದ್ದ ಗಾರೆ ಕೆಲಸದ ಈರಣ್ಣ ಯಾವಾಗಲೂ ಏಣಿ ಮಾಡುತ್ತಿದ್ದ. ಒಣಗದ ಮಣ್ಣಿನ ಏಣಿ ನಿಲ್ಲುತ್ತದೆಯೇ? ಬಾಗುತ್ತಿತ್ತು, ಅವನು ಮತ್ತೆ ನಿಲ್ಲಿಸುತ್ತಿದ್ದ. ಅವನ ತಮ್ಮ ಎಲ್ಲಿಂದ ಬಿದ್ದ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಒಂದು ದಿನ ನನಗೆ ರೇಗಿಹೋಯಿತು. "ಇಲ್ಲೂ ಒಲೆ, ಅಲ್ಲೂ ಒಲೆ! ಇದ್ರಿಂದ ಏನಾಗುತ್ತೆ ಚನ್ನಾಜಮ್ಮ?" ಎಂದು ಕೂಗಾಡಿದೆ. "ಏನೋ ಆಗುತ್ತೆ. ಆಗದಿದ್ರೆ ಒಲೆಯಾದ್ರೂ ಆಗುತ್ತಲ್ಲ" ಎಂದರು ಅವರು. ಈರಣ್ಣ ನಕ್ಕ. ನಾನೂ ನಕ್ಕೆ. ಹೆರಿಗೆಯಾದ ಮೇಲೆ ನಾನು ನಕ್ಕದ್ದು ಅದೇ ಮೊದಲು, ನಕ್ಕೆನಲ್ಲಾ ಎಂದು ನನಗೇ ನಾಚಿಕೆಯಾಯಿತು.

ಪಾದ ಮಾಡಬೇಕೆಂದು ನಾನು ಮಾಡಿದ್ದಲ್ಲ. ಒಲೆಯ ಮೇಲೆ ಪಾತ್ರೆ ಕೂರಲು ಮೂರು ಗುಂಡು ಇಡುತ್ತೇವಲ್ಲ, ಆ ಗುಂಡೊಂದನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಾಗ ಅದು ಹಿಮ್ಮಡಿಯ ಹಾಗೆ ಕಂಡಿತು. ಸುಮ್ಮನೆ ಸ್ವಲ್ಪ ಎಳೆದೆ. ಅಂಗಾಲಾಯಿತು. ಆಮೇಲೆ ಕೈ ನನ್ನ ಮಾತು ಕೇಳಲಿಲ್ಲ. ಐದು ಬೆರಳು, ಕಿರುಬೆರಳಿನ ಉಗುರು ಕೂಡ, ಒಂದು ಅಕ್ಕಿಕಾಳಿನಷ್ಟು. ಬಟ್ಟೆಯ ತುದಿಯಿಂದ ಹೊರಗೆ ಬಂದಿದ್ದ ಪಾದ ಅದು. ಸ್ವಲ್ಪ ಒಳಗೆ ಬಾಗಿತ್ತು, ನಾನು ಹಾಗೇ ಬಾಗಿಸಿದೆ. ಮಾಡಿ ಮುಗಿಸಿ ಹಲಗೆಯ ಮೇಲಿಟ್ಟಾಗ ಅಳು ಎಲ್ಲಿತ್ತೋ ಬಂತು. ಆಸ್ಪತ್ರೆಯಲ್ಲಿ ಅಳದವಳು, ಮನೆಯಲ್ಲಿ ಅಳದವಳು, ಕೊಟ್ಟಿಗೆಯಲ್ಲಿ ಬಿದ್ದು ಹೊರಳಾಡಿ ಅತ್ತೆ. ಈರಣ್ಣ ಎದ್ದು ಹೊರಗೆ ಹೋಗಿ ನಿಂತ. ಚನ್ನಾಜಮ್ಮ ನನ್ನ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಬೆನ್ನು ಸವರುತ್ತ ಎಲೆಯಡಿಕೆ ಅಗಿಯುತ್ತ ಕೂತರು.

ಆ ಪಾದ ಒಣಗಿತು. ಕೊಟ್ಟಿಗೆಯ ಕಿಟಕಿಯಲ್ಲಿ ಇಟ್ಟ ಕೆಲವೇ ದಿನಕ್ಕೆ ಬಣ್ಣ ತಿಳಿಯಾಗಿ, ಉಗುರಿನಿಂದ ತಟ್ಟಿದರೆ ಟಿಕ್ ಎನ್ನುವಷ್ಟು ಗಟ್ಟಿಯಾಯಿತು. ಚನ್ನಾಜಮ್ಮ ತಿರುಗಿಸಿ ತಿರುಗಿಸಿ ನೋಡಿ, "ಮನೆಗೆ ತಗೊಂಡು ಹೋಗಮ್ಮ. ನಿನ್ ಕಿಟಕೀಲಿ ಒಂದು ಅಮಾವಾಸ್ಯೆ ಕಳೆಯೋವರೆಗೂ ಹೀಗೇ ಇದ್ರೆ ಧೈರ್ಯವಾಗಿ ಒಲೆ ಹಾಕು" ಎಂದರು. ಅದು ಊರಿನ ಪದ್ಧತಿ. ಕೊಟ್ಟಿಗೆಯಲ್ಲಿ ಒಣಗಿದರೆ ಸಾಲದು, ಸ್ವಂತ ಮನೆಯ ಕಿಟಕಿಯಲ್ಲಿ ಒಣಗಿ ಉಳಿಯಬೇಕು. ನಾನು ಸೆರಗಿನಲ್ಲಿ ಸುತ್ತಿಕೊಂಡು ತಂದು ಕಿಟಕಿಯಲ್ಲಿಟ್ಟೆ. ನಮ್ಮನೆಯವರು ನೋಡಿದರು. "ಏನದು?" ಎಂದು ಕೇಳಲಿಲ್ಲ. ಅವರು ಊಟ ಮಾಡುವಾಗ ಎರಡು ಸಲ ಕಿಟಕಿಯ ಕಡೆ ನೋಡಿದ್ದು ಕಂಡೆ, ಅಷ್ಟೇ.

ಮಾರನೆಯ ಸಂಜೆ ಕೊಟ್ಟಿಗೆಯಿಂದ ಬಂದು ನೋಡಿದರೆ ಪಾದ ತೇವವಾಗಿತ್ತು. ಅದರ ಮರುದಿನ ಮೆತ್ತಗಾಗಿತ್ತು, ಬೆರಳುಗಳ ಮಧ್ಯದ ಗೆರೆ ಸವೆದಿತ್ತು. ಮತ್ತೆ ಕೊಟ್ಟಿಗೆಗೆ ಒಯ್ದು ತಿದ್ದಿ ಇಟ್ಟೆ. ಅಲ್ಲಿ ಒಣಗಿತು. ಮನೆಗೆ ತಂದೆ, ಹಸಿಯಾಯಿತು. ಹೀಗೇ ಹೋಗುವುದು ಬರುವುದು. ಒಂದು ಸಂಜೆ ಅದು ಕಿಟಕಿಯ ಕಟ್ಟೆಯ ಮೇಲೆ ಒಂದು ಕೆಸರಿನ ಮುದ್ದೆಯಂತೆ ಕೂತಿದ್ದನ್ನು ಕಂಡು ನನಗೆ ಬದುಕೇ ಬೇಡವೆನ್ನಿಸಿತು.

ಪುಟ್ಟಮಾದಮ್ಮ ಕಿಟಕಿ ನೋಡಿ ತೀರ್ಪು ಕೊಟ್ಟಳು. "ಇದು ನಿನ್ ಕೈ ದೋಷ ಅಲ್ಲ ಕಣೇ. ಮನೆಗೆ ಹಸಿ ಹಿಡಿದದೆ." ಹಸಿ ಹಿಡಿದ ಮನೆ ಎನ್ನುವುದು ನಮ್ಮಲ್ಲಿ ಇದ್ದದ್ದೇ. ಕೆಲವು ಗೋಡೆಗಳು ಸಂಕಟವನ್ನು ಕುಡಿದು ಇಟ್ಟುಕೊಂಡು ಮತ್ತೆ ಮತ್ತೆ ಹೊರಗೆ ಬಿಡುತ್ತವೆ ಎನ್ನುತ್ತಾರೆ. ನಮ್ಮ ಬೀದಿಯ ತುದಿಯಲ್ಲೇ ಹಾಗೆ ಬೀಗ ಹಾಕಿ ಬಿಟ್ಟುಹೋದ ಮನೆ ಇದೆ. ನಾನು ನಂಬಲಿಲ್ಲ, ಚನ್ನಾಜಮ್ಮನನ್ನು ಕೇಳಿದೆ. ಅವರು ಎಲೆಗೆ ಸುಣ್ಣ ಹಚ್ಚಿದರು. "ಇಲ್ಲಿ ಒಣಗುತ್ತೆ, ಅಲ್ಲಿ ಹಸಿಯಾಗುತ್ತೆ ಅಂದ್ಮೇಲೆ ಇನ್ನೇನಮ್ಮ. ಆ ಮನೆ ನಿನಗಾಗಲ್ಲ. ತವರಿಗೆ ಹೋಗು" ಎಂದರು. ಅವರ ಬಾಯಿಂದಲೇ ಬಂದ ಮೇಲೆ ನನಗೆ ಬೇರೆ ದಾರಿ ಕಾಣಲಿಲ್ಲ. ಹಸಿ ಹಿಡಿದ ಮನೆಯಿಂದ ಹೋದವರು ವಾಪಸು ಬರುವುದಿಲ್ಲ. ಅದು ನಮ್ಮನೆಯವರ ಹಿರಿಯರ ಮನೆ, ಅವರು ಬಿಟ್ಟು ಬರುವವರಲ್ಲ. ನಾನು ಹೋಗುವುದು ಎಂದರೆ ಸಂಸಾರವನ್ನೇ ಬಿಟ್ಟು ಹೋಗುವುದು.

ಊಟಕ್ಕೆ ಬಡಿಸುತ್ತ ಅವರಿಗೆ ಹೇಳಿದೆ. ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟರು.

"ನಿನಗೆ ಒಳ್ಳೇದಾಗೋದಾದ್ರೆ ಹೋಗು ದಾಕ್ಷಿ" ಎಂದರು.

"ಅಷ್ಟೇನಾ?"

"ಇನ್ನೇನು ಹೇಳ್ಲಿ? ಇಲ್ಲೇ ಇರು, ನಿನ್ ಕೈ ಹೋದ್ರೂ ಪರವಾಗಿಲ್ಲ ಅಂತ ಹೇಳೋಕಾಗುತ್ತಾ?"

"ಹೇಳಿ ನೋಡ್ಬೇಕಿತ್ತು" ಎಂದೆ. ಅವರು ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಸ್ವಲ್ಪ ಹೊತ್ತಿಗೆ ಹಿತ್ತಿಲಿಂದ ಬಂದು ಬಾಗಿಲಲ್ಲಿ ನಿಂತು, "ಆ ಪಾದಾನ ಇಲ್ಲೇ ಬಿಟ್ಟು ಹೋಗ್ತೀಯಾ?" ಎಂದು ಕೇಳಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೆಂಡತಿಯನ್ನು ತಡೆಯದ ಮನುಷ್ಯ ಮಣ್ಣಿನ ಗೊಂಬೆ ಕೇಳುತ್ತಾನಲ್ಲ. "ಯಾಕೆ, ನಿಮಗೇನು ಅದರಿಂದ?" ಎಂದೆ. "ಏನಿಲ್ಲ ಬಿಡು" ಎಂದು ಹೋಗಿ ಮಲಗಿದರು.

ಹೊರಡುವ ದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಒಣಗಿಸಿಟ್ಟಿದ್ದ ಪಾದವನ್ನು ತಂದು, ಹೊರಡುವಾಗ ಕೈಯಲ್ಲೇ ಒಯ್ಯೋಣವೆಂದು ಕಿಟಕಿಯಲ್ಲಿಟ್ಟೆ. ಟ್ರಂಕು ತುಂಬಿದ್ದಾಗಿತ್ತು. ಮಧ್ಯಾಹ್ನ ಊರಿನ ಆಚೆ ತುದಿಯ ತವರಿನಿಂದ ನನ್ನ ಅಣ್ಣ ಆಟೋ ತರುವವನಿದ್ದ. ಅಷ್ಟರಲ್ಲಿ, ಬೆಳಿಗ್ಗೆ ಸಿಗದಿದ್ದ ಚನ್ನಾಜಮ್ಮನಿಗೆ ಹೇಳಿ ಬರೋಣವೆಂದು ಮತ್ತೆ ಕೆರೆ ಕಡೆಗೆ ಹೋದೆ. ದಿನವೂ ನಾನು ಅಲ್ಲಿಂದ ಬರುವುದು ಸಂಜೆಗೆ. ಅವತ್ತು ಮಾತ್ರ ನಡುಮಧ್ಯಾಹ್ನ ವಾಪಸು ಬಂದೆ.

ತಿರುವಿನಲ್ಲಿ, ನಮ್ಮ ಮನೆಯ ಮುಂದೆ, ಬಸ್ಸು ನಿಂತಿತ್ತು. ಅಲ್ಲಿ ಸ್ಟಾಪಿಲ್ಲ. ಇಂಜಿನ್ನು ಗುಡುಗುಡು ಎನ್ನುತ್ತಿತ್ತು, ಒಳಗೆ ಜನ ಸೆರಗಿನಿಂದ, ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದರು. ಡ್ರೈವರ್ ಬಾಷಾ ನನ್ನನ್ನು ಕಂಡು ಕಳ್ಳ ಸಿಕ್ಕಿಬಿದ್ದವನಂತೆ ಸ್ಟೀರಿಂಗಿನ ಮೇಲೆ ತಲೆ ಬಗ್ಗಿಸಿದ.

"ಏನಾಯ್ತು ಬಾಷಾ? ಬಸ್ಸು ಕೆಟ್ಟಿತಾ?"

"ಇಲ್ಲಕ್ಕಾ. ನೀರು ಕುಡಿಯೋಕೆ ಹೋಗವ್ರೆ."

"ದಿನಾ ಹೋಗ್ತಾರಾ?"

ಬಾಷಾ ಕನ್ನಡಿ ಒರೆಸತೊಡಗಿದ. ಕಿಟಕಿ ಪಕ್ಕ ಕೂತಿದ್ದ ಒಬ್ಬ ಅಜ್ಜಿ ತಲೆ ಹೊರಗೆ ಹಾಕಿ, "ಬೈಬೇಡ ಕಣವ್ವ. ದಿನಾ ಹೋಗ್ತಾರೆ, ಒಂದು ಗಳಿಗೆ ಅಷ್ಟೇ. ನಮಗ್ಯಾರಿಗೂ ಅವಸರ ಇಲ್ಲ" ಎಂದಳು. ಬಸ್ಸಿನವರೆಲ್ಲ ಹೌದೌದೆಂದು ತಲೆಯಾಡಿಸಿದರು. ಒಂದು ಬಸ್ಸು ತುಂಬ ಜನರಿಗೆ ಗೊತ್ತಿದ್ದ ವಿಷಯ ಹೆಂಡತಿಗೆ ಗೊತ್ತಿಲ್ಲ! ಬಾಯಿಬಿಟ್ಟು ಕೇಳಬಾರದ ಊರಿನಲ್ಲಿ ಇನ್ನೇನಾಗುತ್ತದೆ.

ಒಳಗೆ ಹೋದೆ. ನಮ್ಮನೆಯವರು ಕಿಟಕಿಯ ಕೆಳಗೆ ನೆಲದ ಮೇಲೆ ಕಾಲು ಮಡಿಸಿ ಕೂತಿದ್ದರು. ಟಿಕೆಟ್ಟಿನ ಚೀಲ ಹೆಗಲಲ್ಲೇ ಇತ್ತು, ವಿಶಲ್ಲು ಕೊರಳಲ್ಲಿ ನೇತಾಡುತ್ತಿತ್ತು. ಎರಡು ಅಂಗೈ ಸೇರಿಸಿ ಅದರೊಳಗೆ ಪಾದವನ್ನು ಇಟ್ಟುಕೊಂಡಿದ್ದರು. ಹೆಬ್ಬೆರಳಿನಿಂದ ಅದರ ಅಂಗಾಲನ್ನು ಮೆಲ್ಲಗೆ ತಿಕ್ಕುತ್ತ ಮಾತಾಡುತ್ತಿದ್ದರು. "ಆಮೇಲೆ ಅಕ್ಕಿಗಿರಣಿ ಸ್ಟಾಪು. ಅಲ್ಲಿ ಹತ್ತೋರೆಲ್ಲ ಮೂಟೆಗೆ ಟಿಕೆಟ್ ಬೇಡ ಅಂತ ಜಗಳ ಮಾಡ್ತಾರೆ. ನೀನು ಮುಂದಿನ ಸೀಟಲ್ಲಿ ಕೂತ್ಕೋ. ಬಾಷಾ ಮಾಮನ ಪಕ್ಕ. ಅಲ್ಲಿಂದ ಕೆರೆ ಕಾಣುತ್ತೆ." ಅವರ ಬೆರಳ ಸಂದಿಯಿಂದ ಕೆಂಪು ನೀರು ತೊಟ್ಟಿಕ್ಕಿ ಖಾಕಿ ಪ್ಯಾಂಟಿನ ಮೇಲೆ ಬೀಳುತ್ತಿತ್ತು. ನಾನು ಬೆಳಿಗ್ಗೆ ಇಟ್ಟಾಗ ಟಿಕ್ ಎನ್ನುತ್ತಿದ್ದ ಪಾದ.

"ರೀ" ಎಂದೆ.

ಬೆಚ್ಚಿಬಿದ್ದರು. ಪಾದ ಕೈಜಾರುತ್ತಿತ್ತು, ಎದೆಗೆ ಒತ್ತಿಕೊಂಡರು. ಅಂಗಿಯೆಲ್ಲ ಮಣ್ಣಾಯಿತು. "ನಾನೇನೂ ಮಾಡಿಲ್ಲ ದಾಕ್ಷಿ. ಒಣಗಿದೆಯಾ ಅಂತ ನೋಡೋಕೆ ಬರ್ತೀನಿ, ಅಷ್ಟೇ. ದಿನಾ ನೋಡ್ತೀನಿ, ದಿನಾ ಹಸಿ. ನಿನ್ ಸಂಕಟ ಇನ್ನೂ ಇಷ್ಟಿದೆಯಲ್ಲಾ ಅಂತ…" ಎಂದು ತೊದಲಿದರು.

ನಾನು ಅವರ ಎದುರು ಕೂತು ಕೈ ಚಾಚಿದೆ. "ಕೊಡಿ ಇಲ್ಲಿ." ಪಾದವನ್ನು ನನ್ನ ಅಂಗೈಯಲ್ಲಿಟ್ಟರು. ತೊಟ್ಟಿಕ್ಕುವುದು ನಿಂತಿತು. ನಾವಿಬ್ಬರೂ ಅದನ್ನೇ ನೋಡುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಮೇಲಿನ ಹೊಳಪು ಹೋಯಿತು, ಹಿಮ್ಮಡಿಯ ಕಡೆಯಿಂದ ಬಣ್ಣ ತಿಳಿಯಾಗುತ್ತ ಬಂತು. "ಈಗ ನೀವು ಮುಟ್ಟಿ" ಎಂದೆ. ಅವರು ಒಂದೇ ಬೆರಳು ತಾಗಿಸಿದರು. ತಾಗಿಸಿದ ಕಡೆ ನೀರು ಕೂಡಿತು.

ಅವರು ತಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಹುಟ್ಟಿದ ಮೇಲೆ ಮೊದಲ ಸಲ ನೋಡುತ್ತಿರುವ ಹಾಗೆ.

"ನನ್ನದಾ?" ಎಂದರು. "ನನಗೇನಾಗಿದೆ? ನಾನು ಚೆನ್ನಾಗೇ ಇದ್ದೀನಲ್ಲ. ಡ್ಯೂಟಿಗೆ ಹೋಗ್ತಿದ್ದೀನಿ, ಊಟ ಮಾಡ್ತಿದ್ದೀನಿ…" ದೊಡ್ಡ ಗಂಡಸು, ಬಸ್ಸು ತುಂಬ ಜನರನ್ನು ನಗಿಸುವವರು, ಬಾಯಿಗೆ ಮಣ್ಣಿನ ಕೈ ಅಡ್ಡ ಹಿಡಿದುಕೊಂಡು ಬಿಕ್ಕಿದರು. ಇಷ್ಟು ತಿಂಗಳು ಈ ಮನುಷ್ಯನನ್ನು ಮನಸ್ಸಿನಲ್ಲೇ ಬೈದು ಬೈದು ನನಗೆ ಸಾಕಾಗಿತ್ತು. ಈಗ ಆ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅವರ ಮೇಲೆ ಪ್ರೀತಿ ಉಕ್ಕಿ ಬಂತು.

ಹೊರಗೆ ಬಾಷಾ ಹೆದರಿಕೊಂಡೇ ಒಂದು ಸಣ್ಣ ಹಾರ್ನ್ ಹೊಡೆದ. ಅವರು ಏಳಲು ಹೋದರು. ನಾನು ಭುಜ ಒತ್ತಿ ಕೂರಿಸಿದೆ. ಅವರ ಕೊರಳಿನ ವಿಶಲ್ಲು ತೆಗೆದುಕೊಂಡು ಬಾಗಿಲಿಗೆ ಹೋಗಿ ಎರಡು ಸಲ ಊದಿದೆ. ಎರಡು ಊದಿದರೆ ರೈಟ್ ಎಂದು ಇಷ್ಟು ವರ್ಷ ಕಂಡಕ್ಟರನ ಹೆಂಡತಿಯಾಗಿ ನನಗೆ ಗೊತ್ತಿಲ್ಲವೇ? ಬಸ್ಸು ಕಂಡಕ್ಟರಿಲ್ಲದೆ ಹೊರಟಿತು. ಆ ಅಜ್ಜಿ ಕಿಟಕಿಯಿಂದ ಕೈ ಬೀಸಿದಳು. ಹಿಂದೆಯೇ ಅಣ್ಣನ ಆಟೋ ಬಂತು. ಅವನಿಗೆ ಕಾಫಿ ಕುಡಿಸಿ, ಅಮ್ಮನಿಗೆಂದು ಒಂದಿಷ್ಟು ಕರಿಬೇವು ಕೊಟ್ಟು ವಾಪಸು ಕಳಿಸಿದೆ. ಏನಾಯಿತೆಂದು ಅವನೂ ಕೇಳಲಿಲ್ಲ, ನಮ್ಮ ಊರಿನವನೇ ತಾನೆ.

ಅವತ್ತು ಸಂಜೆ ನಾನು ಕೇಳಿದೆ. ನಮ್ಮ ಊರಿನ ಮರ್ಯಾದೆ ಬಿಟ್ಟು ಬಾಯಿಬಿಟ್ಟು ಕೇಳಿದೆ. "ನೀವು ನೋಡಿದ್ರಲ್ಲ. ಅವಳು ಹೇಗಿದ್ದಳು?"

ಅವರು ಕಿಟಕಿಯ ಕಡೆ ತಿರುಗಿದರು. "ಮಣ್ಣು ಹಾಕೋ ಮೊದಲು ಮಾವ ಬಟ್ಟೆ ಸರಿಸಿದ್ರು. ಚೆನ್ನಾಗಿ ನೋಡಿದೆ. ಕಣ್ಣಲ್ಲೇ ಇದೆ ದಾಕ್ಷಿ, ಹೇಳೋಕೆ ಬರ್ತಾ ಇಲ್ಲ" ಎಂದರು.

ಬೆಳಿಗ್ಗೆ ಇಬ್ಬರೂ ಹಸಿಕೊಟ್ಟಿಗೆಗೆ ಹೋದೆವು. ನಡೆದದ್ದನ್ನು ಕೇಳಿ ಚನ್ನಾಜಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ, ನಾನೂ ಆ ಮನೇನೇ ಬೈದ್ನಲ್ಲ. ಪಾಪ, ಗೋಡೆ ಏನು ಮಾಡಿತ್ತು? ಕಂಡಕ್ಟರಿಗೂ ಹೊಟ್ಟೆ ಇರುತ್ತೆ ಅಂತ ಈ ಮುದಿ ತಲೆಗೆ ಹೊಳೀಲೇ ಇಲ್ಲ." ಒಂದು ಮುದ್ದೆ ಮಣ್ಣು ತಂದು ನಮ್ಮನೆಯವರ ಮುಂದೆ ತಪ್ಪೆಂದು ಹಾಕಿದರು. ಅವರು ಅದನ್ನು ಹಾವನ್ನು ನೋಡುವ ಹಾಗೆ ನೋಡಿದರು. ಅಂಗಿಯ ತೋಳು ಮಡಿಸಿ, ಮತ್ತೆ ಮಡಿಸಿ, ಕೊನೆಗೆ ಎರಡು ಬೆರಳು ಚುಚ್ಚಿದರು. ಪಕ್ಕದಲ್ಲಿದ್ದ ಈರಣ್ಣ ತಡೆಯಲಾರದೆ, "ಟಿಕೆಟ್ ಹರಿದಂಗಲ್ಲ ಕಂಡಕ್ಟರೇ, ಪೂರ್ತಿ ಕೈ ಹಾಕಿ" ಎಂದ.

ಡ್ಯೂಟಿ ಇಲ್ಲದ ಹೊತ್ತಿನಲ್ಲೆಲ್ಲ ಅವರು ಅಲ್ಲಿಗೆ ಬರತೊಡಗಿದರು. ಮೊದಲು ಮಾಡಿದ್ದು ಏನೂ ಆಗಿರಲಿಲ್ಲ, ಒಂದು ಆಲೂಗಡ್ಡೆ ಅಷ್ಟೇ. ಆಮೇಲೆ ಆಲೂಗಡ್ಡೆಗೆ ಗಲ್ಲ ಬಂತು. ಮೂಗನ್ನು ಇಟ್ಟರು, ಕಿತ್ತರು. ನಾನು ಪಕ್ಕದಲ್ಲಿ ಕೂತು ಏನೂ ಕೇಳದೆ ಏನೂ ಹೇಳದೆ ನೋಡುತ್ತಿದ್ದೆ. ಅಷ್ಟು ಕಷ್ಟದ ಕೆಲಸವನ್ನು ನಾನು ಜೀವಮಾನದಲ್ಲಿ ಮಾಡಿಲ್ಲ. "ಹುಬ್ಬು ಇಷ್ಟು ಮೇಲಿರಲಿಲ್ಲ" ಎಂದು ಅವರೇ ಗೊಣಗಿಕೊಂಡು ತಿದ್ದುತ್ತಿದ್ದರು. "ಕಿವಿ ತಲೆಗೆ ಅಂಟಿಕೊಂಡಿತ್ತು." ಮತ್ತೆ ತಿದ್ದುತ್ತಿದ್ದರು. ಒಣಗದ ಮಣ್ಣಾದ್ದರಿಂದ ಅವರು ಎಷ್ಟು ಸಲ ಬೇಕಾದರೂ ತಿದ್ದಬಹುದಿತ್ತು. ಒಣಗಿಬಿಟ್ಟರೆ ಏನು ಗತಿ ಎಂದು ನನಗೇ ಒಳಗೊಳಗೆ ಭಯ. ಈ ಊರಿನಲ್ಲಿ ಮಣ್ಣು ಹಸಿಯಾಗಿರಲಿ ಎಂದು ಬೇಡಿಕೊಂಡವಳು ನಾನೊಬ್ಬಳೇ ಇರಬೇಕು.

ಈ ಮಧ್ಯೆ ಅಮಾವಾಸ್ಯೆ ಕಳೆಯಿತು. ನಮ್ಮ ಕಿಟಕಿಯಲ್ಲಿದ್ದ ಪಾದ ಗಟ್ಟಿಯಾಗಿಯೇ ಉಳಿಯಿತು. ಅವರು ಈಗ ಅದನ್ನು ಮುಟ್ಟುತ್ತಿರಲಿಲ್ಲ, ಬಸ್ಸು ತಿರುವಿಗೆ ಬಂದಾಗ ಬಗ್ಗಿ ನೋಡಿ ಹೋಗುತ್ತಿದ್ದರು. ಪುಟ್ಟಮಾದಮ್ಮ ಬಟ್ಟೆಗಳನ್ನೆಲ್ಲ ಒಗೆದು ಮಡಿಸಿ ಯಾರು ಯಾರದೋ ಅವರವರಿಗೆ ಹಿಂದಿರುಗಿಸಿದಳು. ಕುಸಿದುಬಿದ್ದ ಒಲೆಯ ಮನೆಗೆ ಮೊದಲು ಹೋಗಿ ಹೊಸ ಒಲೆ ಹಾಕಿಕೊಟ್ಟೆ. ಅದು ಒಣಗಿತು. ಅವರು ಅದರ ಮೇಲೆ ಮೊದಲು ಪಾಯಸ ಮಾಡಿ ನನಗೊಂದು ಡಬ್ಬಿಯಲ್ಲಿ ಕಳಿಸಿದರು. ನನ್ನ ಕೈ ನನಗೆ ವಾಪಸು ಬಂತು. ಸಂಕಟ ಹೋಯಿತು ಎಂದು ಹೇಳುವುದಿಲ್ಲ. ಬೇರೆಯವರ ಮಕ್ಕಳು ಬೀದಿಯಲ್ಲಿ ಓಡುವಾಗ ಈಗಲೂ ಕರುಳು ಹಿಂಡುತ್ತದೆ. ಆದರೆ ಹಿಂಡುವಾಗಲೂ ಕೈ ಕೆಲಸ ಮಾಡುತ್ತದೆ.

ನಿನ್ನೆ ಒಲೆ ಕೆಲಸ ಮುಗಿಸಿ ಕೊಟ್ಟಿಗೆಗೆ ಹೋದಾಗ ಅವರು ಕೈಕಟ್ಟಿ ಸುಮ್ಮನೆ ಕೂತಿದ್ದರು. ಮುಂದೆ ಹಲಗೆಯ ಮೇಲೆ ಬಟ್ಟೆ ಮುಚ್ಚಿತ್ತು. ನನ್ನನ್ನು ಕಂಡು ಎದ್ದು ನಿಂತರು.

"ಇಷ್ಟೇ ದಾಕ್ಷಿ. ಇನ್ನು ತಿದ್ದೋಕೆ ಏನೂ ಇಲ್ಲ. ಹೀಗೇ ಇದ್ದಳು" ಎಂದು ಬಟ್ಟೆ ತೆಗೆದರು.

ನಾನು ನೋಡಿದೆ. ಎಳೆ ಮಗುವಿನಷ್ಟೇ ದೊಡ್ಡದು, ಮುಖದ ಕೆಳಗೆ ಬಟ್ಟೆ ಸುತ್ತಿದ ಹಾಗೆ ಮೈಯೂ ಇತ್ತು. ತುಟಿ ಸ್ವಲ್ಪ ತೆರೆದಿತ್ತು. ಗಲ್ಲದಲ್ಲಿ ನಮ್ಮ ಅಮ್ಮನಿಗೆ ಇರುವಂಥ ಗುಳಿ ಇತ್ತು. ಮೂಗು ದಪ್ಪ.

"ಮೂಗು ಇಷ್ಟು ದಪ್ಪ ಇತ್ತಾ?" ಎಂದೆ. ಅಳುತ್ತಿದ್ದೆ, ನಗುತ್ತಲೂ ಇದ್ದೆ.

"ಇತ್ತು. ಏನು ಮಾಡೋದು, ನನ್ನ ಥರ" ಎಂದರು. "ಎತ್ಕೋ."

ಮಣ್ಣು ಇನ್ನೂ ಹಸಿಯಾಗಿತ್ತು. ಮೇಲಿನಿಂದ ಹಿಡಿದರೆ ಮುಖ ಕೆಡುತ್ತಿತ್ತು. ಎಳೆ ಮಗುವನ್ನು ಎತ್ತುವಾಗ ಮಾಡುವಂತೆ ಕತ್ತಿನ ಹಿಂದೆ ಅಂಗೈ ಕೊಟ್ಟು, ತಲೆ ಬೀಳದ ಹಾಗೆ ತೋಳಿನ ಮೇಲೆ ಎಳೆದುಕೊಂಡೆ. ಅವರು ತಮ್ಮ ಕೈಯನ್ನು ನನ್ನ ಕೈಯ ಕೆಳಗೆ ಕೊಟ್ಟರು.

"ಹಾಗೇ, ಹಾಗೇ ಹಿಡ್ಕೊ" ಎಂದರು.

ನಾನು ನನ್ನ ಮಗಳನ್ನು ಎತ್ತಿಕೊಂಡು ನಿಂತೆ.